ಮಾಬೇಲೆಯ ಬೀರು

ಅತ್ತೆಯ ಗಾಲಿಕುರ್ಚಿಯನ್ನು ಬೀರುವಿನ ಎದುರಿಗೇ ತಿರುಗಿಸಿ ನಿಲ್ಲಿಸುವುದನ್ನು ಜುಕಿಸ್ವಾ ಒಂದು ದಿನವೂ ಮರೆತವಳಲ್ಲ. ಕಿಟಕಿಯ ಕಡೆ ತಿರುಗಿಸಿದ್ದರೆ ಮುದುಕಿಗೆ ಬೀದಿ ಕಾಣುತ್ತಿತ್ತು, ಎದುರುಮನೆಯ ಕೋಳಿಗಳು ಕಾಣುತ್ತಿದ್ದವು, ಗುರುವಾರವಾದರೆ ಕೆಂಪು ರವಿಕೆ ತೊಟ್ಟು ಚರ್ಚಿನ ಸಂಘಕ್ಕೆ ಹೊರಟ ಹೆಂಗಸರು ಕಾಣುತ್ತಿದ್ದರು, ಅವರಲ್ಲಿ ಒಬ್ಬಿಬ್ಬರು ನಿಂತು ಮಾತನಾಡಿಸುತ್ತಲೂ ಇದ್ದರೇನೋ. ಅದೆಲ್ಲ ಬೇಡ, ಇದನ್ನು ನೋಡಲಿ. ಗಾಲಿ ಜರುಗದಂತೆ ಕೊಕ್ಕೆ ಹಾಕಿ, ಮುದುಕಿಯ ಸೋತ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಮೊಣಕಾಲಿಗೆ ಕಂಬಳಿ ಹೊದಿಸಿದಳು. ಹೊದಿಸುವಾಗ ಅಂಚನ್ನು ಮೃದುವಾಗಿಯೇ ಸಿಕ್ಕಿಸಿದಳು. ಯಾರಾದರೂ ನೋಡಿದರೆ ಎಂಥ ಸೊಸೆ ಎನ್ನಬೇಕು, ದಕ್ಷಿಣ ಆಫ್ರಿಕಾದ ಜ್ವೆಲಿಚಾ ಊರಿನ ಈ ಬೀದಿಯಲ್ಲಿ ಎಲ್ಲರೂ ಹಾಗೆ ಅನ್ನುತ್ತಿದ್ದರು ಕೂಡ. "ಚೆನ್ನಾಗಿ ಕಾಣ್ತಿದೆಯಾ ಅಮ್ಮಾ?" ಎಂದು ಕೇಳಿದಳು. ಮಾಬೇಲೆ ಬೀರುವನ್ನು ಮೇಲಿಂದ ಕೆಳಗೆ ನೋಡಿದಳು. "ಕಾಣ್ತಿದೆ. ಟೀ ಎಲ್ಲಿ?" ಎಂದಳು.

ಅಷ್ಟೇ. ಬೀರುವನ್ನು ಕೊಯ್ಸಿದಾಗಿನಿಂದ ಅಷ್ಟೇ. ಜುಕಿಸ್ವಾ ಕಾಯುತ್ತಿದ್ದದ್ದು ಒಂದು ಮಾತಿಗೆ, ಮಾತೂ ಬೇಡ, ಒಂದು ಅಯ್ಯೋಗೆ. ಈ ಹೆಂಗಸಿನ ಬಾಯಿಂದ ಒಂದು ಸಲ "ಬೇಡ ಕಣೇ, ನಿಂಗೆ ಕೈ ಮುಗೀತೀನಿ" ಎಂದು ಬರಬೇಕು, ಅದನ್ನು ತಾನು ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಬೇಕು. ಮುಚ್ಚಳದ ಸಮೇತ ಎಲ್ಲವನ್ನೂ ಎಣಿಸಿಕೊಂಡಿದ್ದಳು. ಮನೆಯಿಂದಲೇ ಕೆಲಸ ಮಾಡುವುದಾದರೆ ಒಂದು ಮೇಜು ಬೇಕು, ಹಿಂದೆ ಗೋಡೆ ಇರಬೇಕು, ಫೋಟೋ ತೆಗೆದು ಕಳಿಸಬೇಕು ಎಂದು ಕಚೇರಿಯವರು ಹೇಳಿದಾಗ, ನಾಲ್ಕು ಕೋಣೆಯ ಈ ಮನೆಯಲ್ಲಿ ಜಾಗವೇ ಇಲ್ಲ ಎಂದು ಅವಳೂ ಒಂದು ಗಳಿಗೆ ಚಿಂತಿಸಿದ್ದು ನಿಜ. ಆಮೇಲೆ ಅಡುಗೆಮನೆಯ ಗೋಡೆಯನ್ನು ಪೂರ್ತಿ ನುಂಗಿ ನಿಂತಿದ್ದ ಬೀರು ಕಣ್ಣಿಗೆ ಬಿದ್ದಿತು. ಮಲಗುವ ಕೋಣೆಯಲ್ಲಿ ಮಂಚ ಸರಿಸಿದ್ದರೆ ಸಣ್ಣದೊಂದು ಮೇಜು ಹಿಡಿಸುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಮಂಚ ಸರಿಸಲಿಲ್ಲ.

ಬೀರು ಮಾಬೇಲೆಯ ಗಂಡ ಬಟ್ಟೆಗಿರಣಿಯಲ್ಲಿ ದುಡಿಯುತ್ತಿದ್ದ ಕಾಲದ್ದು. ಹಳದಿ ಮರ, ಆಳೆತ್ತರ. ಮೇಲೆ ಗಾಜಿನ ಬಾಗಿಲು, ಅದರೊಳಗೆ ಹೂವಿನ ಚಿತ್ರದ ಟೀ ಕಪ್ಪುಗಳು. ನಡುವೆ ಎಳೆದರೆ ಹೊರಗೆ ಬರುವ ಒಂದು ಬಿಳಿ ಹಲಗೆ, ಅದರ ಮೇಲೆಯೇ ಮಾಬೇಲೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು. ಕೆಳಗೆ ಒಂದು ಮೂಟೆ ಹಿಟ್ಟು ಹಿಡಿಸುವ ತಗಡಿನ ಗೂಡು. ಈಗ ಗಾಜಿನ ಬಾಗಿಲುಗಳಿಲ್ಲ, ನಡುವಿನ ಅಡ್ಡಹಲಗೆಗಳಿಲ್ಲ, ಕಪ್ಪುಗಳಿದ್ದ ಜಾಗದಲ್ಲಿ ಕಂಪ್ಯೂಟರಿನ ಪರದೆ ನಿಂತಿದೆ. ನಾದುವ ಹಲಗೆಯ ಮೇಲೆ ಕೀಲಿಮಣೆ. ಹಿಟ್ಟಿನ ಗೂಡಿನ ಬೆನ್ನಿಗೆ ಕೊರೆದ ತೂತಿನಿಂದ ವೈರುಗಳೆಲ್ಲ ಒಳಗೆ ಹೋಗಿ, ಕರೆಂಟು ಹೋದಾಗ ಬೇಕಾಗುವ ಬ್ಯಾಟರಿಯ ಜೊತೆ ಸುತ್ತಿಕೊಂಡು ಕೂತಿವೆ. ಕಾಲು ಚಾಚಲು ಎಂದು ಕೆಳಗಿನ ಎರಡು ಖಾನೆಗಳನ್ನೂ ಕತ್ತರಿಸಿ ತೆಗೆಸಿದ್ದಳು. ಬಡಗಿ ಫಿಕಿಲೆ ಗರಗಸವನ್ನು ಮರದ ಮೇಲಿಟ್ಟು ಮತ್ತೆ ತೆಗೆದಿದ್ದ. "ಮಾಬೇಲೆ ಇನ್ನೂ ಇದ್ದಾರಲ್ಲಮ್ಮಾ. ಇರೋರ ಸಾಮಾನಿಗೆ ಗರಗಸ ಹಾಕೋದು ಹೆಂಗೆ? ಅವರು ಮಗಳ ಮನೆಯಿಂದ ಬರಲಿ, ಒಂದು ಮಾತು ಕೇಳಿ." "ನಾನು ಹೇಳ್ತಿದೀನಲ್ಲ, ಹಾಕಿ." "ನನ್ನ ತಲೆ ಮೇಲೆ ತರ್ಬೇಡಿ ಮತ್ತೆ." "ನಿಮ್ಮ ತಲೆ ಮೇಲೆ ಏನೂ ಬರಲ್ಲ, ಬರೋದೆಲ್ಲ ನನ್ನ ತಲೆ ಮೇಲೇ ಬರೋದು. ಹಾಕಿ." ಮೊದಲ ಹಲ್ಲು ಮರಕ್ಕೆ ಕಚ್ಚಿದಾಗ ಬಂದ ವಾಸನೆ, ಹಳೆಯ ಹಿಟ್ಟಿನದೋ ಗೋಂದಿನದೋ, ಅವಳ ಹೊಟ್ಟೆಯೊಳಗೆ ಇಳಿದು ಒಂದು ಥರದ ಹಸಿವನ್ನು ಎಬ್ಬಿಸಿತ್ತು. ಅವತ್ತು ಅವಳು ಎರಡು ತಟ್ಟೆ ಊಟ ಮಾಡಿದ್ದಳು.

ಮಗಳ ಮನೆಯಲ್ಲಿ ಈಸ್ಟರ್ ಮುಗಿಸಿ ಬಂದ ಮಾಬೇಲೆಯನ್ನು ಒಳಗೆ ತಳ್ಳಿಕೊಂಡು ಬಂದು ಎದುರಿಗೆ ನಿಲ್ಲಿಸಿದಾಗ ಜುಕಿಸ್ವಾಳ ಕಿವಿ ಜುಂಯ್ ಎನ್ನುತ್ತಿತ್ತು. ಮುದುಕಿ ನೋಡಿದಳು. ಸೊಟ್ಟಗಾದ ತುಟಿ ಒಂದಿಷ್ಟು ಅಲ್ಲಾಡಿತು. "ಕಪ್ಪೆಲ್ಲಿ?" ಎಂದಳು. "ಡಬ್ಬದಲ್ಲಿ ಹಾಕಿ ಮಂಚದ ಕೆಳಗೆ ಇಟ್ಟಿದೀನಿ." "ಒಡೀಲಿಲ್ವಲ್ಲ?" "ಇಲ್ಲ." "ಸರಿ." ಮಗಳು ನೊಮ್ವುಜೊ ಮಾತ್ರ ಬಾಗಿಲಲ್ಲೇ ಬಾಯಿ ಬಾಯಿ ಬಡಿದುಕೊಂಡು, ನಮ್ಮಪ್ಪನ ಬೆವರು, ನಮ್ಮಮ್ಮನ ಬೀರು, ನೀನು ಮನುಷ್ಯಳಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೋದಳು. ಆದರೆ ನೊಮ್ವುಜೊಳ ಕೂಗು ಯಾರಿಗೆ ಬೇಕಿತ್ತು? ಹಬ್ಬದ ಅಡುಗೆ ಮಾಡಿಟ್ಟು ಕಾದಿದ್ದರೆ ಬರಬೇಕಾದವರು ಬಾರದೆ ಪಕ್ಕದ ಮನೆಯವರು ಬಂದು ಉಂಡು ಹೋದಂತಾಗಿತ್ತು.

ಟೀ ತಂದು ಎಡಗೈಗೆ ಕೊಟ್ಟಳು. ತಗಡಿನ ಲೋಟದಲ್ಲಿ ಕೊಟ್ಟಳು, ಕಪ್ಪುಗಳು ಡಬ್ಬಕ್ಕೆ ಹೋದ ದಿನದಿಂದಲೂ ತಗಡಿನ ಲೋಟದಲ್ಲೇ. ಮಾಬೇಲೆ ಅದನ್ನೂ ಏನೂ ಅನ್ನದೆ ಸುರಿದು ಕುಡಿಯುತ್ತಿದ್ದಳು. ಹಿಂದೆ ಜುಕಿಸ್ವಾಳ ಹೆತ್ತಮ್ಮ ಈ ಮನೆಗೆ ಬಂದ ದಿನ ಹೀಗೆ ಸುರಿದು ಕುಡಿದಿರಲಿಲ್ಲ, ಸದ್ದಾಗದ ಹಾಗೆ ತುಟಿ ಒದ್ದೆ ಮಾಡಿಕೊಳ್ಳುತ್ತ ಕುಡಿದಿದ್ದಳು. ಜುಕಿಸ್ವಾ ಆಗ ಬಾಗಿಲ ಹಿಂದಿನ ಚಾಪೆಯ ಮೇಲೆ, ಹುಬ್ಬಿನವರೆಗೆ ಕಪ್ಪು ವಸ್ತ್ರ ಇಳಿಸಿಕೊಂಡು, ಭುಜಕ್ಕೆ ಕಂಬಳಿ ಸುತ್ತಿ ಪಿನ್ನು ಹಾಕಿಕೊಂಡು ಕೂತಿದ್ದಳು. ಹೊಸ ಸೊಸೆ ಕುರ್ಚಿಯ ಮೇಲೆ ಕೂರುವ ಹಾಗಿಲ್ಲ. ಗಾಜಿನ ಬಾಗಿಲನ್ನು ಮುಟ್ಟುವ ಹಾಗಿಲ್ಲ, ಅದರ ಬೀಗದ ಕೈ ಮಾಬೇಲೆಯ ಕೊರಳಲ್ಲಿ ತೂಗುತ್ತಿತ್ತು, ಸಕ್ಕರೆಯೂ ಅದರೊಳಗೇ. ಇದೆಲ್ಲ ಎಲ್ಲ ಸೊಸೆಯರಿಗೂ ಇದ್ದದ್ದೇ, ಅಮ್ಮನೂ ಅನುಭವಿಸಿದ್ದೇ, ಅದಕ್ಕೆ ಯಾರೂ ಸಾಯುವುದಿಲ್ಲ. ಆದರೆ ಮಗಳನ್ನು ನೋಡಬೇಕೆಂದು ಎರಡು ಟ್ಯಾಕ್ಸಿ ಬದಲಾಯಿಸಿ, ಕಂಕುಳಲ್ಲಿ ಕುಂಬಳಕಾಯಿ ಇಟ್ಟುಕೊಂಡು ಬಂದ ಬೀಗಿತ್ತಿಗೆ ಯಾರಾದರೂ ತಗಡಿನ ಲೋಟದಲ್ಲಿ ಟೀ ಕೊಡುತ್ತಾರೆಯೇ? ಗಾಜಿನೊಳಗೆ ಅಷ್ಟೊಂದು ಕಪ್ಪುಗಳು ಸಾಲಾಗಿ ನಿಂತು ನೋಡುತ್ತಿರುವಾಗ? ಅಮ್ಮ ಒಂದು ಸಲ ಗಾಜಿನ ಕಡೆ ನೋಡಿ ಕಣ್ಣು ತೆಗೆದಳು. ಆ ಕಣ್ಣು ತೆಗೆದದ್ದನ್ನು ಜುಕಿಸ್ವಾ ನೋಡಿದಳು, ಮಾಬೇಲೆಯೂ ನೋಡಿದಳು. "ಟೀ ತುಂಬಾ ಸಿಹಿಯಾಗಿತ್ತು, ಬೀಗಿತ್ತಿ" ಎಂದು ಅಮ್ಮ ಹೊರಟಾಗ ಜುಕಿಸ್ವಾ ಚಾಪೆಯಿಂದ ಏಳಲಿಲ್ಲ. ಏಳಬಹುದಿತ್ತು. ಎದ್ದು ಗೇಟಿನ ತನಕ ಹೋಗಿದ್ದರೆ ಯಾರೂ ಕಾಲು ಮುರಿಯುತ್ತಿರಲಿಲ್ಲ. ಅಮ್ಮ ಮುಂದಿನ ಚಳಿಗಾಲದಲ್ಲಿ ತೀರಿಕೊಂಡಳು. ಆಮೇಲೆ ಬೀರುವನ್ನು ಒರೆಸುವಾಗಲೆಲ್ಲ, ಗಾಜಿನಲ್ಲಿ ಕಾಣುವ ತನ್ನ ಮುಖವನ್ನು ಒರೆಸಿ ಹಾಕುವ ಹಾಗೆ ಗಟ್ಟಿಯಾಗಿ ತಿಕ್ಕುತ್ತಿದ್ದಳು.

ಗಾಲಿಯಿದ್ದ ಕಚೇರಿ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಈ ಕೂರುವುದೊಂದು ಮಾತ್ರ ಈಗಲೂ ಹಿತ ಕೊಡುತ್ತಿತ್ತು. ಮಾಬೇಲೆಯ ಬೀರುವಿನ ಹೊಟ್ಟೆಯೊಳಗೆ ಕಾಲು ಚಾಚಿ, ಅವಳಿಗೆ ಬೆನ್ನು ಹಾಕಿ, ಕುರ್ಚಿಯ ಮೇಲೆ! ಗುಂಡಿ ಒತ್ತಿದರೆ ಸಮುದ್ರದಾಚೆಯ ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಕಿವಿಯೊಳಗೆ ಬರುತ್ತಿದ್ದರು. ಅವರು ಕೊಂಡ ಬಟ್ಟೆ ತಲುಪಿಲ್ಲ, ತಲುಪಿದ್ದು ಬಿಗಿ, ಬಿಗಿಯಾದದ್ದನ್ನು ಕೊಂಡೊಯ್ಯಲು ಯಾರೂ ಬಂದಿಲ್ಲ. "ನಮಸ್ಕಾರ, ನಾನು ಸೂಸನ್, ನಿಮಗೆ ಹೇಗೆ ಸಹಾಯ ಮಾಡಲಿ?" ಎಂದು ಅವಳು ಹಾಡುವ ದನಿಯಲ್ಲಿ ಶುರುಮಾಡಬೇಕು. ಬೈದರೆ "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ಮೇಡಂ" ಅನ್ನಬೇಕು. ಎಲ್ಲ ಮಾತೂ ದಾಖಲಾಗುತ್ತದೆ. ಇದನ್ನು ಮಾಬೇಲೆ ಮೊದಲ ವಾರದಲ್ಲೇ ಕಂಡುಹಿಡಿದುಬಿಟ್ಟಿದ್ದಳು. ಹೆಡ್‌ಫೋನ್ ಕಿವಿಯಲ್ಲಿದ್ದಷ್ಟು ಹೊತ್ತು ಸೊಸೆ ತಿರುಗಿ ಬೀಳುವ ಹಾಗಿಲ್ಲ ಎಂದು ಗೊತ್ತಾದದ್ದೇ, ಸರಿಯಾಗಿ ಆಗಲೇ ಅವಳಿಗೆ ಭಕ್ತಿ ಉಕ್ಕಿ ಬರುತ್ತಿತ್ತು. ಸಂಘದ ಹಾಡುಗಳನ್ನು ಒಂದಾದ ಮೇಲೊಂದು ತೆಗೆಯುತ್ತಿದ್ದಳು, ಲೋಟಕ್ಕೆ ಚಮಚದಿಂದ ತಾಳ. ಹಿನ್ನೆಲೆಯಲ್ಲಿ ಗದ್ದಲ ಎಂದು ಕಚೇರಿಯಿಂದ ಆಗಲೇ ಎರಡು ಸಲ ಎಚ್ಚರಿಕೆ ಬಂದಿತ್ತು. ಮತ್ತೊಂದು ಬಂದರೆ ಈ ಮೇಜಿನ ಕೆಲಸ ಹೋಗಿ, ದಿನವೂ ಇಲ್ಲಿಯ ಕರಾವಳಿಯ ಈಸ್ಟ್ ಲಂಡನ್ ಪಟ್ಟಣದ ಕಚೇರಿಗೆ ಟ್ಯಾಕ್ಸಿಯಲ್ಲಿ ಓಡಬೇಕು. ಆಗ ಬೀರುವನ್ನು ಕೊಯ್ಸಿದ್ದು ಯಾವುದಕ್ಕೂ ಅಲ್ಲ, ಬರೀ ಕೊಯ್ಯುವುದಕ್ಕೇ ಎಂದು ಬೀದಿಗೆಲ್ಲ ತಿಳಿಯುತ್ತದೆ.

ಇವತ್ತು ಮುದುಕಿ ಹಾಡಲಿಲ್ಲ. ಅದೇ ಜುಕಿಸ್ವಾಳಿಗೆ ಕಸಿವಿಸಿ. ಮೊದಲ ಕರೆಯ ಮುದುಕಪ್ಪ ರಸೀತಿ ಹುಡುಕಲು ಹೋದಾಗ, ಅವಳು ತನ್ನ ದನಿ ಆಚೆ ಹೋಗದಂತೆ ಗುಂಡಿ ಒತ್ತಿ ಹಿಂತಿರುಗಿ ನೋಡಿದಳು. ಮಾಬೇಲೆ ಅವಳನ್ನೇ ನೋಡುತ್ತಿದ್ದಳು.

"ಈ ಸೂಸನ್ ಅನ್ನೋಳು ಯಾರೇ? ಬೆಳಿಗ್ಗೆಯಿಂದ ಸಂಜೆ ತನಕ ಅವಳ ಹೆಸರೇ ಹೇಳ್ತೀಯ, ಒಂದು ದಿನವಾದ್ರೂ ಈ ಕಡೆ ಬಂದಿದ್ದು ನಾನು ಕಾಣೆ."

"ನಾನೇ ಅಮ್ಮಾ. ಆಫೀಸಿನವರು ಇಟ್ಟ ಹೆಸರು. ಅಲ್ಲಿಯವರಿಗೆ ನಮ್ಮ ಹೆಸರೆಲ್ಲ ನಾಲಿಗೆ ಹೊರಳಲ್ಲ."

"ಓ." ಮಾಬೇಲೆ ಟೀ ಕುಡಿದಳು. "ಏನು ಕುಯ್ದ್ರು?"

"ಏನಂದ್ರಿ?"

"ಹೆಸರಿಟ್ಟರಲ್ಲ, ಏನು ಕುಯ್ದ್ರು ಅಂದೆ. ಆಡು? ಕುರಿ? ಹೋಗ್ಲಿ, ಕೋಳಿ?"

"ಆಫೀಸಲ್ಲಿ ಯಾರಮ್ಮಾ ಕುಯ್ತಾರೆ."

"ಹಂಗಾದ್ರೆ ಬರೀ ಬಾಯಲ್ಲಿ ಇಟ್ಟರು. ನೀನು ಬರೀ ಕೈಯಲ್ಲಿ ತಗೊಂಡೆ." ಮುದುಕಿಯ ನೆಟ್ಟಗಿದ್ದ ಅರ್ಧ ಮುಖ ನಕ್ಕಿತು. "ನಾನು ನಿಂಗೆ ಆಡು ಕುಯ್ಸಿದ್ದೆ ಕಣೇ. ನಾನೇ ಹೋಗಿ ಆರಿಸಿ ತಂದ ಆಡು."

ಮುದುಕಪ್ಪ ರಸೀತಿಯೊಂದಿಗೆ ಮರಳಿದ. ಜುಕಿಸ್ವಾ ಅಂಕಿಗಳನ್ನು ಬಡಿಯುತ್ತ ಹೋದಳು. ಬೆರಳು ತಪ್ಪುತ್ತಿತ್ತು. ಆಡು. ಮದುವೆಯ ಮೂರನೆಯ ದಿನ, ಗಂಡ ಬೊನಕೆಲೆಯ ಕಡೆಯ ಹೆಂಗಸರೆಲ್ಲ ಸುತ್ತ ನಿಂತು, ಆಡಿನ ಮುಂಗಾಲಿನ ಮಾಂಸವನ್ನು ಅವಳ ಬಾಯಿಗಿಟ್ಟು, ಹುಳಿಹಾಲು ಕುಡಿಸಿದ್ದರು. ಹಾಲು ಗದ್ದಕ್ಕೆ ಇಳಿದಾಗ ಮಾಬೇಲೆ ತನ್ನ ಕೈಯಿಂದಲೇ ಒರೆಸಿ, ಮನೆಯ ಗತಿಸಿದ ಹಿರಿಯರಿಗೂ ಕೇಳುವ ಹಾಗೆ ಗಟ್ಟಿಯಾಗಿ, ಇವಳು ಇನ್ನು ಮೇಲೆ ನೊಪುಂಜಿಲೆ ಎಂದಿದ್ದಳು. ನೊಪುಂಜಿಲೆ ಎಂದರೆ ವಿಶ್ರಾಂತಿ ತಂದವಳು! ಯಾರಿಗೆ ವಿಶ್ರಾಂತಿ ಎಂದು ಮಾರನೆಯ ಬೆಳಗಿನ ಜಾವವೇ ಗೊತ್ತಾಗಿತ್ತು. ಆವತ್ತಿನಿಂದ ಈ ಮನೆಯಲ್ಲಿ ಯಾರೂ ಅವಳನ್ನು ಜುಕಿಸ್ವಾ ಎಂದು ಕರೆದದ್ದಿಲ್ಲ. ಬೊನಕೆಲೆ ಕೂಡ, ಕತ್ತಲಲ್ಲಿ ಕೂಡ. ಬೀದಿಯ ಮಕ್ಕಳಿಗೆ ಅವಳು ನೊಪುಂಜಿಲೆ ಅತ್ತೆ, ಬಡಗಿಗೆ ನೊಪುಂಜಿಲೆಯಮ್ಮ, ಬೊನಕೆಲೆಯನ್ನು ಮಣ್ಣು ಮಾಡಿದ ದಿನ ಪಾದ್ರಿ ಎಲ್ಲರೆದುರು ಸಂತೈಸಿದ್ದು ನೊಪುಂಜಿಲೆಯನ್ನು. ಆ ಹೆಸರನ್ನು ಅವಳು ದ್ವೇಷಿಸುತ್ತಿದ್ದಳು. ಯಾರಾದರೂ ಬೀದಿಯ ಆ ತುದಿಯಿಂದ ಕೂಗಿದರೆ ಯೋಚನೆಯಿಲ್ಲದೆ ತಿರುಗುತ್ತಲೂ ಇದ್ದಳು. ಈಗ ಈ ಮುದುಕಿ ಅದನ್ನು ದಾನ ಕೊಟ್ಟವಳ ಹಾಗೆ ಮಾತನಾಡುತ್ತಿದ್ದಾಳೆ! ಮೇಜು ಬೀರುವಾಗಿದ್ದಾಗಲೂ ಅವಳೇ ಗೆದ್ದಳು, ಬೀರು ಮೇಜಾದ ಮೇಲೂ ಅವಳೇ.

ಮುಂದಿನ ಕರೆಯವಳು ಮಾತು ಶುರುಮಾಡಿದ್ದೇ ಬೈಗುಳದಿಂದ. ಮಗಳ ಹುಟ್ಟುಹಬ್ಬಕ್ಕೆ ತರಿಸಿದ ಉಡುಪು ಬಂದಿಲ್ಲ, ಹುಟ್ಟುಹಬ್ಬ ಇವತ್ತೇ, ಮಗು ಬಾಗಿಲಲ್ಲೇ ಕೂತಿದೆ. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ಮೇಡಂ." "ಇಲ್ಲ, ನಿನಗೆ ಅರ್ಥವಾಗುವುದಿಲ್ಲ. ನೀನು ಯಾವ ದೇಶದಲ್ಲಿ ಕೂತಿದ್ದೀಯೋ ಏನೋ." "ಕ್ಷಮಿಸಿ ಮೇಡಂ." "ಕ್ಷಮಿಸಿ ಅನ್ನುವುದನ್ನು ನಿಲ್ಲಿಸು!" ಜುಕಿಸ್ವಾ ಮತ್ತೂ ಮೆಲ್ಲಗೆ, ಮತ್ತೂ ಸಿಹಿಯಾಗಿ, ತಪ್ಪು ನಮ್ಮದೇ ಎಂದಳು. ಹಿಂದಿನಿಂದ ಮಾಬೇಲೆಯ ದನಿ ಬಂತು, ಹೆಚ್ಚೇನೂ ಗಟ್ಟಿಯಾಗಿರಲಿಲ್ಲ. "ಎಷ್ಟು ಚೆನ್ನಾಗಿ ಬೈಸ್ಕೊಳ್ತೀಯ ಕಣೇ. ನಂಗೆ ಒಂದು ದಿನವಾದ್ರೂ ಹಿಂಗೆ ಸಿಹಿಯಾಗಿ ಮಾತಾಡಿದ್ದೀಯಾ?" ಜುಕಿಸ್ವಾಳ ಬೆರಳು ಗುಂಡಿಯ ಮೇಲೆ ಹೋಗುವಷ್ಟರಲ್ಲಿ ಆ ಕಡೆಯವಳು ಕಿರುಚಿದಳು. "ಅಲ್ಲಿ ಯಾರೋ ಮಾತನಾಡುತ್ತಿದ್ದಾರೆ! ನೀನು ಮನೆಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದೀಯಾ? ನಿನ್ನ ಹೆಸರೇನು? ನಿಜವಾದ ಹೆಸರು ಹೇಳು, ದೂರು ಕೊಡುತ್ತೇನೆ."

ಇದಕ್ಕೆ ಉತ್ತರ ಈ ಕೆಲಸದವರಿಗೆಲ್ಲ ಕಂಠಪಾಠವಾಗಿತ್ತು, ಸೂಸನ್ ಎಂದು ಹೇಳಿ ಕಚೇರಿಯ ಸಂಖ್ಯೆ ಕೊಡಬೇಕು. ಜುಕಿಸ್ವಾ ಕುರ್ಚಿಯನ್ನು ಪೂರ್ತಿ ತಿರುಗಿಸಿದಳು. ಮುದುಕಿಯ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದಳು. ಏನು ಮಾಡಬೇಕೆಂದು ಹೊಳೆದ ಕ್ಷಣದಲ್ಲಿ ಗರಗಸದ ಹಲ್ಲು ಮರಕ್ಕೆ ಕಚ್ಚಿದಾಗಿನ ಹಸಿವು ಮತ್ತೆ ಎದ್ದಿತು.

"ಬರೆದುಕೊಳ್ಳಿ ಮೇಡಂ. ನೊಪುಂಜಿಲೆ."

ಮಾಬೇಲೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ದೂರು ಎಂಬ ಶಬ್ದ ಹೆಡ್‌ಫೋನಿನಿಂದ ಹೊರಗೆ ಸೋರುವಷ್ಟು ಜೋರಾಗಿತ್ತು, ಅದರ ಬೆನ್ನಿಗೇ ಬಂದ ಹೆಸರಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಲೋಟ ಮೊಣಕಾಲಿನ ಮೇಲೆ ಓರೆಯಾಗಿ ಟೀ ಕಂಬಳಿಗೆ ಚೆಲ್ಲಿತು. "ಏ, ಅದನ್ನ ಯಾಕೆ ಕೊಟ್ಟೆ ಅವಳಿಗೆ?" ಎಂದಳು. ಜುಕಿಸ್ವಾ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳತೊಡಗಿದಳು. "ಸೂಸನ್ ಅನ್ನು. ಸೂಸನ್ ಅನ್ನೇ." ಇನ್ನೊಂದು ಅಕ್ಷರ. "ದೂರಿಗೆಲ್ಲ ಆ ಹೆಸರು ಹಾಕ್ಬಾರದು ಕಣೇ, ಅದನ್ನ ನಾನು ಬೊನಕೆಲೆಯ ಅಪ್ಪನಿಗೆ, ಅಜ್ಜನಿಗೆ, ಸತ್ತ ಹಿರಿಯರಿಗೆಲ್ಲಾ ಹೇಳಿಟ್ಟಿದ್ದು." ಮತ್ತೊಂದು. ಮುದುಕಿಯ ಎಡಗೈ ಗಾಳಿಯಲ್ಲಿ ತಡಕಾಡಿ ಜುಕಿಸ್ವಾಳ ಲಂಗದ ಅಂಚನ್ನು ಹಿಡಿಯಿತು. "ಅಯ್ಯೋ, ಬೇಡ ಕಣೇ. ಬೇಡ. ನಿಂಗೆ ಕೈ ಮುಗೀತೀನಿ."

ಬಂತು. ಎಣಿಸಿಕೊಂಡಿದ್ದ ಮಾತೇ, ಅಕ್ಷರಕ್ಕೆ ಅಕ್ಷರ. ಜುಕಿಸ್ವಾ ಕೇಳಿಸಿಕೊಂಡಳು, ಕೇಳಿಸಿಕೊಂಡು ಕೊನೆಯ ಅಕ್ಷರವನ್ನೂ ಹೇಳಿ ಮುಗಿಸಿದಳು. ಆ ಕಡೆಯವಳು ಬರೆದುಕೊಂಡದ್ದನ್ನು ಓದಿ ನೋಡಿದಳು. ಅದು ಹೆಸರಾಗಿ ಉಳಿದಿರಲಿಲ್ಲ, ನೋಪಮ್‌ಜಿಲ್ ಎಂದೋ ಏನೋ, ಯಾವುದೋ ಮಾತ್ರೆಯ ಹೆಸರಿನ ಹಾಗಿತ್ತು. "ಇದೇ ತಾನೇ?" "ಹೌದು ಮೇಡಂ, ಅದೇ" ಎಂದಳು ಜುಕಿಸ್ವಾ ಮಾಬೇಲೆಯ ಕಣ್ಣನ್ನೇ ನೋಡುತ್ತ. "ಸರಿಯಾಗಿದೆ. ಇನ್ನೊಂದು ಸಲ ಓದುತ್ತೀರಾ?" ಅವಳು ಓದಿದಳು. ಇನ್ನೂ ಕೆಟ್ಟದಾಗಿ ಓದಿದಳು. "ಅದೇ ಮೇಡಂ." ಲಂಗ ಹಿಡಿದಿದ್ದ ಕೈ ಬಿಟ್ಟಿತು.

ಕರೆ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಲೆಯ ಮೇಲೆ ಬೇಯುತ್ತಿದ್ದ ಜೋಳ ಮತ್ತು ಹುರುಳಿಯ ಕೊತಕೊತ ಮಾತ್ರ ಇತ್ತು. ಜುಕಿಸ್ವಾ ಎದ್ದು ಹೋಗಿ ಮುಚ್ಚಳ ತೆಗೆದು ನೋಡಿದಳು. ಬೆಂದಿರಲಿಲ್ಲ. ಸಂತೋಷ ಬರುತ್ತದೆ, ಇನ್ನೇನು ಬರುತ್ತದೆ ಎಂದು ಸೌಟು ಹಿಡಿದು ನಿಂತಳು. ಇಂಥ ದೊಡ್ಡ ವಿಷಯ ಮೈಗೆ ಹತ್ತಲು ಹೊತ್ತು ಬೇಕಾಗಬಹುದು. ಕಚೇರಿಯಿಂದ ಮೂರನೆಯ ಎಚ್ಚರಿಕೆ ಬರುವುದು ಖಂಡಿತ, ಬರಲಿ. ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಲು ನೋಡಿದಳು. ಅಮ್ಮನ ಮುಖ ಬರಲಿಲ್ಲ, ಆ ಹರುಕು ಮುರುಕು ಶಬ್ದವೇ ಕಿವಿಯಲ್ಲಿ ತಿರುಗುತ್ತಿತ್ತು. ಹಾಗಲ್ಲ ಮೇಡಂ ಎಂದು ತಿದ್ದಬಹುದಿತ್ತು ಎಂಬ ಯೋಚನೆ ಎಲ್ಲಿಂದಲೋ ಬಂತು, ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು. ತಿದ್ದಲು ಅದೇನು ತನ್ನ ಹೆಸರೇ?

ಮತ್ತೆ ಹೋಗಿ ಕೂತಳು. ಎರಡು ಕರೆ ಬಂದವು, ಸೂಸನ್ ಇಬ್ಬರಿಗೂ ಸಹಾಯ ಮಾಡಿದಳು. ಮಾಬೇಲೆ ಹಾಡಲಿಲ್ಲ, ಚಮಚ ಬಡಿಯಲಿಲ್ಲ. ಊಟಕ್ಕೆ ಬಡಿಸಿದರೆ ತಿಂದಳು. ಒದ್ದೆ ಕಂಬಳಿ ಬದಲಾಯಿಸಿದರೆ ಬದಲಾಯಿಸಿಕೊಂಡಳು. ಬಿಸಿಲು ಕಿಟಕಿಯಿಂದ ಹಾದು ಕೀಲಿಮಣೆಯ ಮೇಲೆ ಬಂದಾಗ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಸೂಸನ್."

ಜುಕಿಸ್ವಾ ತಿರುಗಲಿಲ್ಲ. ಅಣಕ ಶುರುವಾಯಿತು ಎಂದುಕೊಂಡಳು. ಅಣಕಕ್ಕೆ ಉತ್ತರ ಅವಳಲ್ಲಿ ಬೇಕಾದಷ್ಟಿತ್ತು.

"ಸೂಸನ್, ಸ್ವಲ್ಪ ನೀರು ಕೊಡ್ತೀರಾ? ನಿಮಗೆ ಬಿಡುವಿದ್ದರೆ."

ಅಣಕವಿರಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಬಾಗಿಲಿಗೆ ಬಂದ ಗುರುತಿಲ್ಲದವರೊಡನೆ, ಆಸ್ಪತ್ರೆಯ ನರ್ಸಿನೊಡನೆ ಮಾಬೇಲೆ ಮಾತನಾಡುತ್ತಿದ್ದ ದನಿ ಅದು, ಅಷ್ಟೇ ಮರ್ಯಾದೆಯದು. ಜುಕಿಸ್ವಾ ಕುರ್ಚಿ ತಿರುಗಿಸಿದಳು. ಮುದುಕಿ ಅವಳನ್ನು ನೋಡಿ, ತೊಂದರೆ ಕೊಟ್ಟದ್ದಕ್ಕೆ ಎಂಬ ಹಾಗೆ ತಲೆ ಬಾಗಿಸಿದಳು. "ಅಮ್ಮಾ, ಇದೇನು ಆಟ?" ಎಂದಳು ಜುಕಿಸ್ವಾ. ದನಿ ತಾನೆಂದುಕೊಂಡದ್ದಕ್ಕಿಂತ ಮೇಲೆ ಹೋಯಿತು. "ಅಮ್ಮಾ, ನಾನು." ನಾನು ಎಂದ ಮೇಲೆ ಮುಂದೆ ಒಂದು ಹೆಸರು ಹೇಳಬೇಕಿತ್ತು. ಮಾಬೇಲೆ ಕಾದಳು, ಬಹಳ ಸಮಾಧಾನದಿಂದ ಕಾದಳು. ಬೀದಿಯಲ್ಲಿ ಯಾರೋ ಹೆಂಗಸರು ಮಾತನಾಡುತ್ತ ಹೋದರು. ನಾಳೆಯೋ ನಾಡಿದ್ದೋ ಅವರಲ್ಲೊಬ್ಬಳು ಒಳಗೆ ಬಂದು, ನಿಮ್ಮ ಸೊಸೆ ಎಲ್ಲಿ ಎಂದು ಕೇಳಿದರೆ ಮಾಬೇಲೆ ಏನನ್ನುತ್ತಾಳೆ, ಹೇಗೆ ಅನ್ನುತ್ತಾಳೆ ಎಂಬುದು ಜುಕಿಸ್ವಾಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಪರದೆಯ ಮೇಲೆ ಮುಂದಿನ ಕರೆಯ ಹಸಿರು ಬೆಳಕು ಮಿನುಗತೊಡಗಿತು.

"ಕೊಡ್ತೀನಿ" ಎಂದಳು. ನಲ್ಲಿಯ ಹತ್ತಿರ ಹೋಗಿ, ತಗಡಿನ ಲೋಟವನ್ನು ತೊಳೆದು ನೀರು ಹಿಡಿದಳು.

"ತುಂಬಾ ಉಪಕಾರವಾಯ್ತು" ಎಂದಳು ಮಾಬೇಲೆ, ಎರಡೂ ಕೈಯಲ್ಲಿ ತೆಗೆದುಕೊಳ್ಳಲಾಗದ್ದಕ್ಕೆ ಕ್ಷಮೆ ಕೇಳಿ, ಒಂದೇ ಕೈಯಲ್ಲಿ ತೆಗೆದುಕೊಂಡಳು. ಕುಡಿದು ಲೋಟ ಹಿಂತಿರುಗಿಸುವಾಗ, ನಿಮ್ಮ ಮನೆ ಎಲ್ಲಿ, ದೂರವೇ ಎಂದು ಕೇಳಿದಳು.